ಬೆಲೆ ಏರಿದರೂ ಕೊಡಲಿ, ಇಳಿದರೂ ಕೊಡಲಿ



ನಮ್ಮ ತೋಟದ ಕಾಫಿಗೆ ಬೆಲೆ ಕಟ್ಟುವವರು ನಾವಲ್ಲ. ಅರೇಬಿಕಾದ ದರ ನ್ಯೂಯಾರ್ಕಿನ ಪೇಟೆಯಲ್ಲಿ, ರೊಬಸ್ಟಾದ ದರ ಲಂಡನ್ನಿನ ಪೇಟೆಯಲ್ಲಿ ನಿಶ್ಚಯವಾಗುತ್ತದೆ. ಬ್ರೆಜಿಲ್‌ನಲ್ಲಿ ಮಂಜು ಹೆಪ್ಪುಗಟ್ಟಿ ಗಿಡ ಸುಟ್ಟರೆ ಮೂಡಿಗೆರೆಯಲ್ಲಿ ಹರ್ಷ. ವಿಯೆಟ್ನಾಂನಲ್ಲಿ ಫಸಲು ಉಕ್ಕಿದರೆ ಸೋಮವಾರಪೇಟೆಯಲ್ಲಿ ಚಿಂತೆ.

ಇದು ಹಿಂದೆ ಇಷ್ಟು ತೀವ್ರವಾಗಿರಲಿಲ್ಲ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದವು ದೇಶಗಳಿಗೆ ರಫ್ತಿನ ಪಾಲು ಗೊತ್ತುಪಡಿಸಿ ದರವನ್ನು ಹಿಡಿದಿಟ್ಟಿತ್ತು. 1989ರ ಜುಲೈನಲ್ಲಿ ಆ ಪಾಲಿನ ವ್ಯವಸ್ಥೆ ಮುರಿದು ಬಿತ್ತು, ದರವೂ ಕುಸಿಯಿತು. ಇತ್ತ ಕಾಫಿ ಮಂಡಳಿಯ ಕಡ್ಡಾಯ ಖರೀದಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಬೆಳೆಗಾರನಿಗೆ ಸಂಪೂರ್ಣ ಮುಕ್ತ ಮಾರಾಟದ ಹಕ್ಕು ದೊರೆಯಿತು. ಸ್ವಾತಂತ್ರ್ಯದೊಡನೆ ಅಪಾಯವೂ ಅವನ ಹೆಗಲೇರಿತು. 1994ರಲ್ಲಿ ಬ್ರೆಜಿಲ್‌ನ ಮಂಜಿನಿಂದ ಗಗನಕ್ಕೇರಿದ ದರ, 2001-02ರ ಹೊತ್ತಿಗೆ ಪಾತಾಳ ಕಂಡಿತು. ಸಣ್ಣ ಬೆಳೆಗಾರರಿಗಾಗಿ ಕೇಂದ್ರ ಸರ್ಕಾರ 2003ರಲ್ಲಿ ಆರಂಭಿಸಿದ ಬೆಲೆ ಸ್ಥಿರೀಕರಣ ನಿಧಿ ಯೋಜನೆ 2013ರಲ್ಲಿ ಮುಗಿಯಿತು. 2025ರ ಫೆಬ್ರುವರಿಯಲ್ಲಿ ಅರೇಬಿಕಾ ದರ ದಾಖಲೆ ಮುಟ್ಟಿತು. ಕಾಳುಮೆಣಸಿನ ಕಥೆಯೂ ಬೇರೆಯಲ್ಲ: ಅಗ್ಗದ ಆಮದಿನ ಹೊಡೆತ ತಾಳಲಾರದೆ 2017ರ ಡಿಸೆಂಬರ್‌ನಲ್ಲಿ ಸರ್ಕಾರವೇ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿಪಡಿಸಬೇಕಾಯಿತು.

ಈ ಏರಿಳಿತದ ನಿಜವಾದ ಲೆಕ್ಕ ತೆರುವವು ನಮ್ಮ ನೆರಳು ಮರಗಳು. ದರ ಇಳಿದಾಗ ಸಾಲ ತೀರಿಸಲು ಮರ ಮಾರುತ್ತೇವೆ. ದರ ಏರಿದಾಗ ಇಳುವರಿ ಹೆಚ್ಚಿಸುವ ಆಸೆಯಿಂದ ನೆರಳು ಕಡಿಯುತ್ತೇವೆ, ಗದ್ದೆಯನ್ನೂ ತೋಟವಾಗಿಸುತ್ತೇವೆ. ಅತ್ತಿ, ಹಲಸು, ನಂದಿ, ಹಾಲವಾಣಗಳಿದ್ದಲ್ಲಿ ಬೇಗ ಬೆಳೆದು ಬೇಗ ಹಣವಾಗುವ ಸಿಲ್ವರ್ ಓಕ್ ನಿಲ್ಲುತ್ತದೆ. ಪೇಟೆಯ ದರ ವಾರದಲ್ಲಿ ಮರಳಬಹುದು. ಐವತ್ತು ವರ್ಷದ ಮರ ಮರಳಲು ಐವತ್ತು ವರ್ಷವೇ ಬೇಕು. ಅದರೊಡನೆ ಹಕ್ಕಿಯೂ, ದರಗಿನ ಗೊಬ್ಬರವೂ, ಬೇಸಗೆಯಲ್ಲಿ ಹಳ್ಳಕ್ಕೆ ಇಳಿಯುತ್ತಿದ್ದ ನೀರೂ ಹೋಗುತ್ತವೆ. ನೀರು ಬತ್ತಿದಾಗ ಅದರ ಭಾರ ಬೀಳುವುದು ತೋಟವೇ ಇಲ್ಲದ, ಕೂಲಿಯನ್ನೇ ನಂಬಿದ ಲೈನ್ ಮನೆಗಳ ಮೇಲೂ ಹೌದು.

ಬೆಳೆಗಾರನನ್ನು ದೂಷಿಸುವುದು ಈ ಬರಹದ ಉದ್ದೇಶವಲ್ಲ. ಸಾಲದ ಕಂತು ಬಾಗಿಲಲ್ಲಿ ನಿಂತಿರುವಾಗ ಕಾಡಿನ ಉಪದೇಶ ಯಾರಿಗೂ ರುಚಿಸದು. ಆದ್ದರಿಂದಲೇ ನಮ್ಮ ಆಗ್ರಹ ಎರಡು ಕಡೆಗೆ. ಸರ್ಕಾರ ಸಣ್ಣ ಬೆಳೆಗಾರನ ಕುಸಿತದ ವರ್ಷಗಳಿಗೆ ನಿಜವಾಗಿ ಕೈಗೆಟುಕುವ ಆಸರೆ ಕಲ್ಪಿಸಲಿ. ಊರ ಮರಗಳನ್ನು ಉಳಿಸಿಕೊಂಡವರಿಗೆ ಪ್ರತಿಫಲ ನೀಡಲಿ. ನಾವು ಒಂದೇ ಬೆಳೆಯನ್ನು ನೆಚ್ಚದೆ ಮೆಣಸು, ಹಣ್ಣು, ಭತ್ತ, ಜೇನನ್ನು ಜೊತೆಗಿರಿಸೋಣ. ಒಳ್ಳೆಯ ವರ್ಷದ ಗಳಿಕೆಯಲ್ಲಿ ಕೆಟ್ಟ ವರ್ಷಕ್ಕೆ ಒಂದು ಪಾಲನ್ನು ಊರ ಸಹಕಾರ ಸಂಘದಲ್ಲಿ ತೆಗೆದಿಡೋಣ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ: ನಿಮ್ಮೂರಿನ ಒಂದು ತೋಟದಲ್ಲಿ ಈಗಿರುವ ನೆರಳು ಮರಗಳ ಹೆಸರು ಬರೆಯಿರಿ, ಅಲ್ಲಿ ಹಿಂದೆ ಯಾವುವಿದ್ದವು, ಯಾವ ವರ್ಷ ಹೋದವು ಎಂದು ಹಿರಿಯರನ್ನು ಕೇಳಿ. ಆ ವರ್ಷಗಳ ಪಕ್ಕದಲ್ಲಿ ಕಾಫಿಯ ದರವನ್ನು ಬರೆದು ನೋಡಿ. ಪೇಟೆಗೂ ಕಾಡಿಗೂ ಇರುವ ನಂಟು ನಿಮಗೇ ಗೋಚರಿಸುವುದು.