ಅಗ್ಗದ ಲಿಸ್ಬನ್ ಯಾರಿಗೆ ಅಗ್ಗ?

ಯೂಟ್ಯೂಬಲ್ಲಿ ಒಂದು ಬಗೆಯ ವಿಡಿಯೋ ಇದೆ, ನೀವೂ ನೋಡಿರ್ತೀರಿ. ನರೆಗೂದಲಿನ ಗಂಡ-ಹೆಂಡತಿ, ಹಿಂದೆ ಸಮುದ್ರ, ಟೇಬಲ್ ಮೇಲೆ ವೈನ್. ನಮ್ಮೂರಲ್ಲಿ ಸಾಲದ ಪಿಂಚಣಿಯಲ್ಲಿ ಇಲ್ಲಿ ಆರಾಮಾಗಿದ್ದೀವಿ ಅಂತ ತಿಂಗಳ ಖರ್ಚಿನ ಪಟ್ಟಿ ಓದ್ತಾರೆ. ಬಹಳ ಸಲ ಅದು ಪೋರ್ಚುಗಲ್: ಲಿಸ್ಬನ್, ಇಲ್ಲವೇ ದಕ್ಷಿಣದ ಅಲ್ಗಾರ್ವೆ ಕರಾವಳಿಯ ಫಾರೋ, ಲಾಗೋಸ್. ಅವರ ಮೇಲೆ ನನಗೆ ಸಿಟ್ಟಿಲ್ಲ. ಜೀವಮಾನವಿಡೀ ಹಿಮ ಗೋರಿದವರು ಕೊನೆಗಾಲಕ್ಕೆ ಬಿಸಿಲು ಬಯಸಿದರೆ ತಪ್ಪೇನು? ಆದರೆ ಬಿಸಿಲು ತಾನಾಗಿ ಬರುತ್ತೆ, ಅಗ್ಗ ಹಾಗೆ ಬರೋದಿಲ್ಲ.

ಅಲ್ಲಿನ ಡಿ7 ವೀಸಾ ತಗೊಳ್ಳಿ. ಪಿಂಚಣಿ, ಬಾಡಿಗೆ, ಬಡ್ಡಿ, ಹೀಗೆ ದುಡಿಯದೇ ಬರುವ ಆದಾಯ ಇರೋರಿಗೆ ಕೊಡೋದು. ತೋರಿಸಬೇಕಾದ ಆದಾಯ ಕನಿಷ್ಠ ವೇತನದಷ್ಟು. 2025ರಲ್ಲಿ ತಿಂಗಳಿಗೆ 870 ಯೂರೋ. ಇದನ್ನ ತಿರುಗಿಸಿ ಓದಿ. ಹೊರಗಿನವರಿಗೆ ಯಾವುದು ವೀಸಾದ ತಳಮಟ್ಟವೋ, ಅಷ್ಟಕ್ಕೇ ಲಿಸ್ಬನ್ನಿನ ಹೋಟೆಲಿನಲ್ಲಿ ಹಾಸಿಗೆ ಬದಲಿಸುವವಳು ತಿಂಗಳಿಡೀ ದುಡೀತಾಳೆ. ಊಟ ಅಗ್ಗ, ಟ್ಯಾಕ್ಸಿ ಅಗ್ಗ ಅಂದರೆ ಅವಳಂಥವರ ದುಡಿಮೆ ಅಗ್ಗ. ಅವಳಿಗೆ ನಗರದ ನಡುವೆ ಒಂದು ಬೆಡ್‌ರೂಮಿನ ಮನೆ ಹಿಡಿಯೋಕೆ ಆ ಪೂರ್ತಿ ಸಂಬಳವೂ ಸಾಲದು.

ಇದು ಬರೀ ಮಾರುಕಟ್ಟೆಯ ಆಟ ಅಲ್ಲ. 2009ರಲ್ಲಿ ಆರ್ಥಿಕ ಕುಸಿತದ ನಡುವೆ ಪೋರ್ಚುಗಲ್ ಸರ್ಕಾರ ಹೊಸದಾಗಿ ಬಂದು ನೆಲೆಸುವವರಿಗೆ ಹತ್ತು ವರ್ಷದ ತೆರಿಗೆ ರಿಯಾಯಿತಿ ತಂತು. ಇದರಡಿ ವಿದೇಶಿ ಪಿಂಚಣಿಗೆ ಬೀಳುತ್ತಿದ್ದ ತೆರಿಗೆ ಸೊನ್ನೆ. ಫಿನ್ಲೆಂಡ್ ಜೊತೆಗಿನ ಒಪ್ಪಂದದ ಪ್ರಕಾರ ಖಾಸಗಿ ವಲಯದ ಪಿಂಚಣಿಗೆ ತೆರಿಗೆ ಹಾಕುವ ಹಕ್ಕು ವಾಸವಿರುವ ದೇಶದ್ದು. ಆ ದೇಶ ಬೇಡ ಅಂದಮೇಲೆ ಇಬ್ಬರಿಗೂ ಇಲ್ಲ. ಹೆಲ್ಸಿಂಕಿಯಲ್ಲಿ ಇದು ರಾಜಕೀಯ ರಂಪವಾಯ್ತು. ಫಿನ್ಲೆಂಡ್ 2019ರಿಂದ ಒಪ್ಪಂದವನ್ನೇ ಕೈಬಿಟ್ಟಿತು. ಪೋರ್ಚುಗಲ್ 2020ರಲ್ಲಿ ಹೊಸಬರ ಪಿಂಚಣಿಗೆ ಶೇ. 10 ತೆರಿಗೆ ಹಾಕಿತು. ಸ್ವೀಡನ್‌ಗೆ ಅದೂ ಸಮಾಧಾನ ಆಗಲಿಲ್ಲ, 2022ರಿಂದ ಅದೂ ಹೊರನಡೆಯಿತು. ಅದೇ ದೇಶದಲ್ಲಿ ಸಂಬಳಕ್ಕೆ ದುಡಿಯುವ ಸ್ಥಳೀಯರಿಗೆ ಇಂಥ ರಜೆ ಇರಲಿಲ್ಲ.

ಮನೆ ಬಾಡಿಗೆ ಏರಿದ್ದಕ್ಕೆ ಪಿಂಚಣಿದಾರರೇ ಕಾರಣ ಅನ್ನೋದು ಸೋಮಾರಿ ವಾದ. 2012ರಲ್ಲಿ ಬಾಡಿಗೆ ಕಾನೂನು ಸಡಿಲಿಸಿದ್ದು, ಅದೇ ವರ್ಷ 5 ಲಕ್ಷ ಯೂರೋ ಆಸ್ತಿ ಕೊಂಡವರಿಗೆ ವಾಸದ ಪರವಾನಗಿ ಕೊಡುವ ಗೋಲ್ಡನ್ ವೀಸಾ ಶುರುವಾದದ್ದು, ಹಳೇ ಬೀದಿಗಳ ಮನೆಗಳೆಲ್ಲ ಏರ್‌ಬಿಎನ್‌ಬಿ ಆದದ್ದು ಒಟ್ಟಿಗೇ ಬಡಿಯಿತು. ಸಾರ್ವಜನಿಕ ವಸತಿ ಅಲ್ಲಿ ಒಟ್ಟು ಮನೆಗಳ ಶೇ. 2ರಷ್ಟು ಮಾತ್ರ. 2023ರ ಏಪ್ರಿಲ್‌ನಲ್ಲಿ ಲಿಸ್ಬನ್ ಬೀದಿಗಳಲ್ಲಿ ಸಾವಿರಾರು ಜನ ಮನೆಗಾಗಿ ಮೆರವಣಿಗೆ ಹೊರಟರು. ಆಗಿನ ಪ್ರಧಾನಿ ಆಂಟೋನಿಯೊ ಕೋಸ್ಟಾ (ನಮ್ಮ ಪಕ್ಕದ ಗೋವಾದ ಬೇರಿನವರು) ಈ ರಿಯಾಯಿತಿ ತೆರಿಗೆ ಅನ್ಯಾಯ ಅಂತ ಒಪ್ಪಿಕೊಂಡಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಅಷ್ಟೊತ್ತಿಗೆ ಅಲ್ಲಿನ ಯುವಕರು ಜರ್ಮನಿ, ಸ್ವಿಟ್ಜರ್ಲೆಂಡ್ ಅಂತ ಹೊರಡ್ತಿದ್ದರು. ಈಗ ಅವರನ್ನ ಉಳಿಸಿಕೊಳ್ಳೋಕೆ 35 ವರ್ಷದವರೆಗಿನವರಿಗೆ ಬೇರೆಯದೇ ತೆರಿಗೆ ವಿನಾಯಿತಿ. ಮೊದಲು ಹೊರಗಿನ ಅಜ್ಜಂದಿರಿಗೆ, ಆಮೇಲೆ ಮನೆ ಮಕ್ಕಳಿಗೆ!

ನನಗೆ ಕಸಿವಿಸಿ ಆಗೋದು ಇದರ ಮುಂದಿನ ಭಾಗ. ಜನರ ಸಿಟ್ಟನ್ನ ಬಲಪಂಥೀಯ ಪಕ್ಷ 'ಶೇಗಾ' ಹಿಡಿದುಕೊಂಡಿತು, 2025ರ ಮೇ ಚುನಾವಣೆಯಲ್ಲಿ 60 ಸೀಟು ಗೆದ್ದು ಎರಡನೇ ಸ್ಥಾನಕ್ಕೆ ಬಂತು. ಅದರ ನಾಯಕ ಆಂದ್ರೆ ವೆಂತೂರಾ ಅದೇ ವರ್ಷ ಹಾಕಿಸಿದ ಪೋಸ್ಟರ್ 'ಇದು ಬಾಂಗ್ಲಾದೇಶ ಅಲ್ಲ' ಅಂತ. ಅಲೆಂತೇಜು ಕರಾವಳಿಯ ಒಡೆಮೀರಾದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಬೆರಿ ಹಣ್ಣು ಕೀಳೋ ಬಾಂಗ್ಲಾ, ನೇಪಾಳ, ಭಾರತದ ಹುಡುಗರು ಒಂದೊಂದು ಕೋಣೆಗೆ ಎಷ್ಟೆಷ್ಟೋ ಜನ ತುಂಬಿಕೊಂಡು ಮಲಗ್ತಾರೆ ಅನ್ನೋದು ದೇಶಕ್ಕೆ ಸರಿಯಾಗಿ ಕಂಡದ್ದೇ 2021ರ ಕೋವಿಡ್ ಹೊತ್ತಲ್ಲಿ. ಈ ಹುಡುಗರು ಸಂಬಳದಿಂದ ಸಾಮಾಜಿಕ ಭದ್ರತಾ ನಿಧಿಗೆ ದುಡ್ಡು ಕಟ್ಟೋರು. ಆ ನಿಧಿಯಿಂದಲೇ ಪೋರ್ಚುಗೀಸ್ ಅಜ್ಜ-ಅಜ್ಜಿಯರ ಪಿಂಚಣಿ ಬರೋದು. ಇವರು 'ವಲಸಿಗರು'. ಸಮುದ್ರದೆದುರು ವೈನ್ ಹಿಡಿದವರು 'ಎಕ್ಸ್‌ಪ್ಯಾಟ್'.

ಹಳೇ ತೆರಿಗೆ ರಿಯಾಯಿತಿ 2024ರಿಂದ ಹೊಸಬರಿಗೆ ಮುಚ್ಚಿದೆ. ಮೊದಲೇ ಸೇರಿಕೊಂಡವರಿಗೆ ಹತ್ತು ವರ್ಷ ಪೂರ್ತಿ ಸಿಗುತ್ತೆ: 2023ರಲ್ಲಿ ಹೆಸರು ಬರೆಸಿದ ಪಿಂಚಣಿದಾರನಿಗೆ 2032ರವರೆಗೆ.