ಸಣ್ಣ ವ್ಯಾಪಾರಿಯೂ ಸರ್ಕಾರದ ಜಾಲತಾಣವೂ

2025ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಮತ್ತು ಹಾಲಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡುದನ್ನು ವಾಚಕರು ಮರೆತಿರಲಾರರು. ನಮ್ಮ ವಾಣಿಜ್ಯ ತೆರಿಗೆಗಳ ಇಲಾಖೆಯವರು ಯುಪಿಐ ಮೂಲಕ ಸಂದಾಯವಾದ ಹಣದ ಲೆಕ್ಕವನ್ನು ತರಿಸಿಕೊಂಡು, 2021-22ರಿಂದ ಮೊದಲ್ಗೊಂಡು ನಾಲ್ಕು ವರ್ಷಗಳ ವಹಿವಾಟಿನ ಬಗೆಗೆ ಸಾವಿರಾರು ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿದ್ದರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು 29 ಲಕ್ಷ ರೂಪಾಯಿಗಳ ನೋಟೀಸು ಬಂದಿತೆಂಬ ವರ್ತಮಾನವು ಎಲ್ಲರನ್ನೂ ಬೆಚ್ಚಿಬೀಳಿಸಿತು. ಕಡೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರನ್ನು ಕರೆಸಿ, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಅಭಯವಿತ್ತ ಮೇಲೆ ಗಲಭೆಯು ತಣ್ಣಗಾಯಿತು. ಗಲಭೆ ತಣ್ಣಗಾದುದು ಸಂತೋಷವೇ ಸರಿ. ಅದರ ಕಾರಣವು ಮಾತ್ರ ಇದ್ದಲ್ಲಿಯೇ ಇದೆ.

ಆ ಕಾರಣವಾದರೂ ಏನು? ಕಾನೂನನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಗಳನ್ನೂ, ಸೇವೆ ಒದಗಿಸುವವನದು 20 ಲಕ್ಷವನ್ನೂ ಮೀರಿದರೆ ಜಿ.ಎಸ್.ಟಿ. ನೋಂದಣಿಯು ಅವಶ್ಯಕವೆಂಬುದನ್ನು ಸರ್ಕಾರದ ಜಾಲತಾಣವು ಹೇಳುತ್ತಲೇ ಇದೆ. ಆದರೆ ಹೇಳುವುದು ಬೇರೆ, ತಿಳಿಯಪಡಿಸುವುದು ಬೇರೆ. 40 ಲಕ್ಷವೆಂದರೆ ದಿನವೊಂದಕ್ಕೆ 11,000 ರೂಪಾಯಿಗಳಿಗಿಂತ ತುಸು ಕಡಿಮೆ. ಇದು ಗಲ್ಲಾಪೆಟ್ಟಿಗೆಗೆ ಬಂದು ಬಿದ್ದ ಹಣವೇ ಹೊರತು ಲಾಭವಲ್ಲ. ಜನಸಂದಣಿಯ ಬೀದಿಯ ಬೇಕರಿಯೊಂದು ಈ ಗೆರೆಯನ್ನು ದಾಟುವುದು ಕಷ್ಟವೇನೂ ಅಲ್ಲ. ಇನ್ನು ಹಾಲು ಮತ್ತು ತಾಜಾ ತರಕಾರಿಗಳಿಗೆ ತೆರಿಗೆಯಿಲ್ಲ. ಅವನ್ನಷ್ಟೇ ಮಾರುವವನು ಎಷ್ಟು ಮಾರಿದರೂ ನೋಂದಣಿಯ ಗೊಡವೆಗೆ ಹೋಗಬೇಕಾಗಿಲ್ಲ. ಅದೇ ಮನುಷ್ಯನು ಹಾಲಿನ ಜತೆಗೆ ನಾಲ್ಕು ಬಿಸ್ಕತ್ತಿನ ಪೊಟ್ಟಣಗಳನ್ನಿಟ್ಟನೆಂದರೆ, ಹಾಲಿನ ಹಣವೂ ಒಟ್ಟು ವಹಿವಾಟಿಗೆ ಸೇರಿಕೊಂಡು, ತೆರಿಗೆಯು ಬಿಸ್ಕತ್ತಿಗೆ ಮಾತ್ರವಾದರೂ ನೋಂದಣಿಯು ಕಡ್ಡಾಯವಾಗಬಹುದು. ಈ ಸೂಕ್ಷ್ಮವನ್ನು ಬೆಳಗಿನ ಜಾವ ನಾಲ್ಕು ಗಂಟೆಗೆ ಬಾಗಿಲು ತೆರೆಯುವ ಅಂಗಡಿಯವನು ತಾನಾಗಿಯೇ ಅರಿತುಕೊಳ್ಳಲಿ ಎಂದು ನಿರೀಕ್ಷಿಸುವುದು ನ್ಯಾಯವೇ?

ಒಂದೂವರೆ ಕೋಟಿ ರೂಪಾಯಿಗಳವರೆಗಿನ ವರ್ತಕರು ಶೇಕಡ 1ರಷ್ಟು ತೆರಿಗೆಯನ್ನು ಕೊಟ್ಟು ಲೆಕ್ಕಪತ್ರದ ತೊಡಕಿನಿಂದ ಬಹುಮಟ್ಟಿಗೆ ಪಾರಾಗುವ ರಾಜಿ ತೆರಿಗೆಯ ಪದ್ಧತಿಯೊಂದಿದೆ. ಆದರೆ ಅದನ್ನು ಮುಂಚಿತವಾಗಿಯೇ ಆರಿಸಿಕೊಳ್ಳಬೇಕು. ನೋಟೀಸು ಬಂದ ಮೇಲೆ ಕಳೆದ ವರ್ಷಗಳಿಗೆ ಅದು ದೊರೆಯದು. ಅರಿತವನಿಗೆ ಒಂದು ತೆರಿಗೆ, ಅರಿಯದವನಿಗೆ ಅದರ ಹಲವು ಪಟ್ಟು ಎಂದಾಯಿತಲ್ಲ!

ತೆರಿಗೆಯ ಮಾತು ಒತ್ತಟ್ಟಿಗಿರಲಿ. ಉದ್ಯಮಿಗೆ ಲಾಭವಾಗುವ ಕಡೆಯಲ್ಲಿಯೂ ಇದೇ ಅವಸ್ಥೆ. 2020ನೆಯ ಜುಲೈ 1ರಿಂದ ಜಾರಿಯಲ್ಲಿರುವ 'ಉದ್ಯಮ್' ನೋಂದಣಿಗೆ ಶುಲ್ಕವಿಲ್ಲ, ದಾಖಲೆಗಳನ್ನು ಲಗತ್ತಿಸುವ ಕಾಟವಿಲ್ಲ. ಅರ್ಜಿದಾರನ ಸ್ವಂತ ಘೋಷಣೆಯೇ ಸಾಕು. ಹೀಗಿದ್ದೂ ಸರ್ಕಾರದ್ದೇ ಎಂಬಂತೆ ವೇಷ ತೊಟ್ಟ ಖಾಸಗಿ ತಾಣಗಳು ಇದಕ್ಕೆ ಹಣ ಕೀಳುತ್ತಿವೆ. ಪುಕ್ಕಟೆಯ ವಸ್ತುವನ್ನು ಮಾರಬಲ್ಲ ಈ ಮಹಾಶಯರ ವ್ಯಾಪಾರಚಾತುರ್ಯಕ್ಕೆ ಬೆರಗಾಗಬೇಕು! ನೋಂದಾಯಿತನಾದ ಸಣ್ಣ ಉತ್ಪಾದಕನ ಹಣವನ್ನು ಕೊಂಡವನು ಹೆಚ್ಚೆಂದರೆ 45 ದಿನಗಳೊಳಗೆ ಸಲ್ಲಿಸಬೇಕು, ತಪ್ಪಿದಲ್ಲಿ ಬ್ಯಾಂಕು ದರದ ಮೂರರಷ್ಟು ಚಕ್ರಬಡ್ಡಿಯನ್ನು ತೆರಬೇಕು ಎಂದು 2006ರ ಕಾಯಿದೆಯು ವಿಧಿಸಿದೆ. ದೂರು ಕೊಡಲು 2017ರಿಂದ 'ಸಮಾಧಾನ್' ಎಂಬ ತಾಣವೂ ಇದೆ. ಪೀಣ್ಯದಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಲೇತು ಯಂತ್ರವಿಟ್ಟುಕೊಂಡು ದೊಡ್ಡ ಕಾರ್ಖಾನೆಯ ಬಿಲ್ಲಿಗಾಗಿ ತಿಂಗಳುಗಟ್ಟಲೆ ಅಲೆಯುವವನಿಗೆ ಇದು ಸಾಮಾನ್ಯ ಆಯುಧವಲ್ಲ. ಆದರೆ 2021ರಲ್ಲಿ ಈ ನೋಂದಣಿಗೆ ಸೇರಿಸಲ್ಪಟ್ಟ ಚಿಲ್ಲರೆ ವ್ಯಾಪಾರಿಗಳಿಗೆ ಆದ್ಯತೆಯ ಸಾಲದ ಸೌಕರ್ಯವೊಂದೇ ಹೊರತು ಈ ಬಡ್ಡಿಯ ರಕ್ಷಣೆಯಿಲ್ಲ. ಇದನ್ನೂ ಸ್ಪಷ್ಟವಾಗಿ ತಿಳಿಸಬೇಡವೇ?

ಕೇಂದ್ರದ ಅಧಿಸೂಚನೆಗಳು ಹೊರಡುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕನ್ನಡವನ್ನು 1963ರ ಕಾಯಿದೆಯಿಂದಲೇ ಆಡಳಿತ ಭಾಷೆಯನ್ನಾಗಿ ಸ್ವೀಕರಿಸಿದ ರಾಜ್ಯದ ಪ್ರಜೆಯು, ತನ್ನ ಅಂಗಡಿಯ ಕಾನೂನನ್ನು ತಿಳಿಯಲು ಮಧ್ಯಸ್ಥನ ಮನೆಬಾಗಿಲಿಗೆ ಹೋಗಬೇಕಾಗಿರುವುದು ನಮ್ಮ ಸರ್ಕಾರಕ್ಕೆ ಭೂಷಣವಲ್ಲ. ವರ್ತಕರೂ ತಮ್ಮ ಕರ್ತವ್ಯವನ್ನು ಅರಿಯಬೇಕು. ಮನೆಯ ಖರ್ಚಿಗೊಂದು, ಅಂಗಡಿಗೊಂದು ಪ್ರತ್ಯೇಕ ಬ್ಯಾಂಕು ಖಾತೆಯಿಟ್ಟುಕೊಳ್ಳುವುದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ನಗದಿಗೆ ಮರಳಿದ ಮಾತ್ರಕ್ಕೆ ತೆರಿಗೆಯ ಹೊಣೆಯು ತಪ್ಪುವುದೂ ಇಲ್ಲ.

ಆದುದರಿಂದ ಇಲಾಖೆಯವರಲ್ಲಿ ನಮ್ಮ ಬೇಡಿಕೆಯು ಇಷ್ಟೆ. ಯುಪಿಐ ಲೆಕ್ಕದಿಂದ ವರ್ತಕನೊಬ್ಬನನ್ನು ಗುರುತಿಸಿ ನೋಟೀಸು ಕಳುಹಿಸಲು ಶಕ್ತವಾದ ಯಂತ್ರವು, ಅವನ ವಹಿವಾಟು 30 ಲಕ್ಷವನ್ನು ಮುಟ್ಟಿದಾಗಲೇ ಕನ್ನಡದಲ್ಲಿ ಒಂದು ಎಚ್ಚರಿಕೆಯ ಸಂದೇಶವನ್ನು ಕಳುಹಿಸಲೂ ಶಕ್ತವಾಗಿರಬೇಕು. ಅರಿಯದವನಿಗೆ ಎದುರು ಕುಳಿತು ವಿವರಿಸಲು ಪ್ರತಿಯೊಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿಯೂ ಗ್ರಾಮ ಒನ್ ಕೇಂದ್ರಗಳಲ್ಲಿಯೂ ಬಲ್ಲವರೊಬ್ಬರನ್ನು ನೇಮಿಸಿ, ಉದ್ಯಮ್ ನೋಂದಣಿಗೆ ಶುಲ್ಕವಿಲ್ಲವೆಂಬ ಫಲಕವನ್ನು ಬಾಗಿಲಲ್ಲಿಯೇ ತೂಗುಹಾಕತಕ್ಕದ್ದು. ಮುಂದಿನ ನೋಟೀಸುಗಳು ಹೊರಡುವ ಮೊದಲೇ ಇದು ನಡೆಯಲಿ.