ಹೊಟ್ಟೆಗೆ ಕತ್ತರಿ: ಯಾವುದು, ಯಾರಿಗೆ?



ಹೆಸರು, ಊರು ಹಾಕಬೇಡಿ ಎಂದು ಬರೆದಿದ್ದೀರಿ, ಹಾಕುವುದಿಲ್ಲ. ಆದರೆ ನೀವು ಕೇಳಿರುವ ಪ್ರಶ್ನೆ ನಿಮ್ಮೊಬ್ಬರದಲ್ಲವಾದ್ದರಿಂದ ಉತ್ತರವನ್ನು ಇಲ್ಲಿಯೇ, ಎಲ್ಲರೂ ಓದುವ ಹಾಗೆ ಕೊಡುತ್ತಿದ್ದೇನೆ.

ನಿಮಗೆ 34 ವರ್ಷ. ತೂಕ 92 ಕಿಲೋ, ಎತ್ತರ 155 ಸೆಂಟಿಮೀಟರ್. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗುತ್ತಿದ್ದರೂ ಹತೋಟಿಗೆ ಬಂದಿಲ್ಲ. ರಾತ್ರಿ ಮಲಗಿದರೆ ಹುಳಿತೇಗು, ಎದೆಯುರಿ. ಮನೆಯಲ್ಲಿ ಮೊಟ್ಟೆಯೂ ನಡೆಯುವುದಿಲ್ಲ. ಒಂದು ಮಗುವಿದೆ, ಇನ್ನೊಂದು ಬೇಕೆಂಬ ಆಸೆಯೂ ಇದೆ. ಒಬ್ಬ ಡಾಕ್ಟರು ‘ಸ್ಲೀವ್’ ಮಾಡಿಸಿ ಎಂದರು, ಇನ್ನೊಬ್ಬರು ‘ಬೈಪಾಸ್’ ಮಾಡಿಸಿ ಎಂದರು. ಅತ್ತೆಯವರು “ಬಾಯಿ ಕಟ್ಟಿದ್ರೆ ಸಾಕು, ಹೊಟ್ಟೆ ಯಾಕೆ ಕೊಯ್ಯಿಸ್ಕೋಬೇಕು?” ಅಂತ ಮುಖ ತಿರುಗಿಸಿದ್ದಾರೆ. ನೀವು ನನ್ನನ್ನು ಕೇಳಿರುವುದು ಒಂದೇ ಮಾತು: ಯಾವುದರಲ್ಲಿ ಹೆಚ್ಚು ಕಿಲೋ ಇಳಿಯುತ್ತೆ?

ಮೊದಲು ಅತ್ತೆಯವರ ಮಾತಿಗೆ ಬರೋಣ. ಅದು ಕೆಟ್ಟ ಮನಸ್ಸಿನ ಮಾತಲ್ಲ, ನಮ್ಮಲ್ಲಿ ಎಲ್ಲರೂ ಆಡುವಂಥದ್ದೇ. ಆದರೆ ಈ ಮಟ್ಟದ ಬೊಜ್ಜು ಬರೀ ನಾಲಗೆಯ ಚಪಲದಿಂದ ಬಂದದ್ದಲ್ಲ. ಉಪವಾಸ ಬಿದ್ದು ಹತ್ತು ಕಿಲೋ ಇಳಿಸಿದರೆ ದೇಹ ಬರಗಾಲ ಬಂತೆಂದೇ ತಿಳಿಯುತ್ತದೆ. ಹಸಿವನ್ನು ಹೆಚ್ಚಿಸಿ, ತನ್ನ ಖರ್ಚನ್ನು ಕಡಿಮೆ ಮಾಡಿಕೊಳ್ಳುತ್ತದೆ. ಮೂರು ಸಲ ಇಳಿಸಿದೆ, ಮೂರು ಸಲವೂ ಬಡ್ಡಿ ಸಮೇತ ವಾಪಸ್ ಬಂತು ಎಂದು ಬರೆದಿದ್ದೀರಲ್ಲ, ಕಾರಣ ಇದೇ. ಆಪರೇಷನ್ನಿನಿಂದ ಹೊಟ್ಟೆ ಚಿಕ್ಕದಾಗುವುದಷ್ಟೇ ಅಲ್ಲ. ಹಸಿವಾಯಿತು, ಸಾಕಾಯಿತು ಎಂದು ಮಿದುಳಿಗೆ ಹೇಳುವ ಹಾರ್ಮೋನುಗಳೂ ಬದಲಾಗುತ್ತವೆ. ಈ ವಿಷಯ ಅವರಿಗೆ ಓದಿ ಹೇಳಿ. ಒಪ್ಪದಿದ್ದರೆ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಆಮೇಲೆ ಅಡಿಗೆಮನೆಯಲ್ಲಿ ನಿಮಗೆ ಅವರ ಸಹಾಯ ಬೇಕಾಗುತ್ತದೆ.

ಇನ್ನು ಲೆಕ್ಕ. ಕಿಲೋ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಗೆ ಬಿ.ಎಂ.ಐ. ಅನ್ನುತ್ತಾರೆ. ನಿಮ್ಮದು 38ಕ್ಕೆ ಸ್ವಲ್ಪ ಮೇಲೆ. ನಮ್ಮ ಜನಕ್ಕೆ 25 ದಾಟಿದರೇ ಬೊಜ್ಜು ಎಂದು ಲೆಕ್ಕ, ಯಾಕೆಂದರೆ ನಮಗೆ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಹಿಡಿಯುತ್ತದೆ. 1991ರಲ್ಲಿ ಅಮೆರಿಕದವರು ಹಾಕಿಕೊಟ್ಟ ಗೆರೆ 40. ಜೊತೆಗೆ ಕಾಯಿಲೆ ಇದ್ದರೆ 35. ಬಹಳ ವರ್ಷ ಅದೇ ನಡೆಯಿತು. 2022ರಲ್ಲಿ ಶಸ್ತ್ರವೈದ್ಯರ ಸಂಘಗಳು ಅದನ್ನು ಇಳಿಸಿ, ಏಷ್ಯಾದವರಿಗೆ 27.5ರಿಂದಲೇ ಆಪರೇಷನ್ನಿನ ಮಾತು ಆಡಬಹುದು ಅಂದವು. ಅಂದಮಾತ್ರಕ್ಕೆ ಸೀರೆ ಚೆನ್ನಾಗಿ ಕೂರಲಿ ಅಂತ ಮಾಡಿಸಿಕೊಳ್ಳುವ ಆಪರೇಷನ್ ಇದಲ್ಲ. ನಿಮ್ಮ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ: ಹಳೆಯ ಗೆರೆಯಾಗಲಿ ಹೊಸದಾಗಲಿ, ನೀವು ಅದರೊಳಗೆ ಬರುತ್ತೀರಿ.

ಈಗ ಆ ಎರಡು ಆಪರೇಷನ್ ಏನು ಅಂತ ನೋಡೋಣ. ಎರಡನ್ನೂ ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಅದರ ಮೂಲಕವೇ ಮಾಡುತ್ತಾರೆ.

ಸ್ಲೀವ್ ಅಂದರೆ ರವಿಕೆಯ ತೋಳು. ಚೀಲದ ಹಾಗಿರುವ ಜಠರವನ್ನು ಉದ್ದಕ್ಕೂ ಕತ್ತರಿಸಿ, ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಗಾತ್ರದ ಒಂದು ಕೊಳವೆ. ಹಸಿವಿನ ಹಾರ್ಮೋನು ಹೆಚ್ಚಾಗಿ ಹುಟ್ಟುವ ಭಾಗವೂ ತೆಗೆದದ್ದರ ಜೊತೆ ಹೋಗುತ್ತದೆ. ಕರುಳಿನ ತಂಟೆಗೆ ಹೋಗುವುದಿಲ್ಲ. ತೆಗೆದದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ, ಅದು ನೆನಪಿರಲಿ. ಮೊದಲು ಇದು ಬೇರೊಂದು ದೊಡ್ಡ ಆಪರೇಷನ್ನಿನ ಮೊದಲ ಹಂತವಾಗಿತ್ತಂತೆ. ಎರಡನೆಯ ಹಂತಕ್ಕೆ ಮುಂಚೆಯೇ ಎಷ್ಟೋ ಜನ ಸಾಕಷ್ಟು ಇಳಿದದ್ದನ್ನು ಕಂಡು ಇದನ್ನೇ ಬೇರೆಯಾಗಿ ಮಾಡತೊಡಗಿದರು.

ಬೈಪಾಸ್ ಇದಕ್ಕಿಂತ ಹಳೆಯದು. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ವೈದ್ಯರು 1966ರಲ್ಲಿ ಇದನ್ನು ಶುರು ಮಾಡಿದರು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ಆಮೇಲೆ ದಪ್ಪಗಾಗುವುದಿಲ್ಲ ಎಂಬುದನ್ನು ಗಮನಿಸಿದ್ದರು ಅವರು. ಈಗ ಮಾಡುವ ರೀತಿಯಲ್ಲಿ ಜಠರದ ಮೇಲ್ತುದಿಯಲ್ಲಿ ಎರಡು ದೊಡ್ಡ ಚಮಚ ಹಿಡಿಯುವಷ್ಟು ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣಕರುಳನ್ನು ನೇರವಾಗಿ ಹೊಲಿಯುತ್ತಾರೆ. ಉಳಿದ ಜಠರ, ಕರುಳಿನ ಮೊದಲ ಭಾಗ ಒಳಗೇ ಇರುತ್ತವೆ, ಊಟ ಮಾತ್ರ ಆ ದಾರಿಯಲ್ಲಿ ಹೋಗುವುದಿಲ್ಲ. ಊರಿನ ಹೊರಗೆ ಬೈಪಾಸ್ ರಸ್ತೆ ಬಂದ ಹಾಗೆ. ಕಬ್ಬಿಣ, ಸುಣ್ಣದ ಅಂಶ ಹೀರುವ ಜಾಗವೂ ಆ ಬಿಟ್ಟುಹೋದ ಊರಿನಲ್ಲೇ ಇದೆ ಎಂಬುದೇ ಇದರ ತೊಡಕು.

ಮೂರನೆಯದೊಂದಿದೆ, ಒಂದೇ ಹೊಲಿಗೆಯ ‘ಮಿನಿ ಬೈಪಾಸ್’. ನಮ್ಮ ದೇಶದಲ್ಲೂ ಮಾಡುತ್ತಾರೆ. ಹೆಸರು ಮಿನಿ, ಆದರೆ ಬಿಟ್ಟುಹೋಗುವ ಕರುಳು ಸಾಮಾನ್ಯವಾಗಿ ಹೆಚ್ಚು. ಫ್ರಾನ್ಸಿನಲ್ಲಿ ಎರಡು ಬೈಪಾಸುಗಳನ್ನೂ ಹೋಲಿಸಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ತೂಕ ಇಳಿದದ್ದು ಸರಿಸಮ, ಆದರೆ ಪೋಷಣೆಯ ಕೊರತೆ ಮತ್ತು ಭೇದಿ ಮಿನಿಯಲ್ಲೇ ಹೆಚ್ಚು ಕಂಡವು. ಮೊಟ್ಟೆಯನ್ನೂ ತಿನ್ನದ, ಇನ್ನೊಂದು ಮಗು ಬಯಸುವ ನಿಮಗೆ ಅದು ಬೇಡ ಅನ್ನುತ್ತೇನೆ. ಜಠರಕ್ಕೆ ಪಟ್ಟಿ ಬಿಗಿಯುವ ‘ಬ್ಯಾಂಡ್’ ವಿಚಾರ ಬಿಟ್ಟುಬಿಡಿ. ಹಾಕಿಸಿಕೊಂಡ ಎಷ್ಟೋ ಜನ ತೆಗೆಸಿಕೊಂಡೂ ಆಯಿತು.

ನೀವು ಕೇಳಿದ ಕಿಲೋ ಲೆಕ್ಕಕ್ಕೆ ಉತ್ತರ: ಸುಮಾರಾಗಿ ಸ್ಲೀವ್‌ನಲ್ಲಿ ಒಟ್ಟು ತೂಕದ ಕಾಲುಭಾಗ, ಬೈಪಾಸಿನಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ನಿಮ್ಮ ಲೆಕ್ಕದಲ್ಲಿ ನಾಲ್ಕೈದು ಕಿಲೋ ವ್ಯತ್ಯಾಸ. ಅಷ್ಟಕ್ಕೋಸ್ಕರ ಆರಿಸುವುದಾದರೆ ಇಷ್ಟುದ್ದ ಬರೆಯಬೇಕಾಗಿರಲಿಲ್ಲ. ನೀವು ಪತ್ರದ ಕೊನೆಯಲ್ಲಿ, ಹಾಗೇ ಸುಮ್ಮನೆ ಎಂಬಂತೆ ಬರೆದ ಹುಳಿತೇಗಿನ ಸಾಲು ನನಗೆ ಮುಖ್ಯವಾಗಿ ಕಂಡಿತು.

ಸ್ಲೀವ್ ಮಾಡಿದ ಜಠರ ಕಿರಿದಾದ ಕೊಳವೆ. ಒಳಗೆ ಒತ್ತಡ ಹೆಚ್ಚು. ಹುಳಿ ಮೇಲಕ್ಕೆ, ಅನ್ನನಾಳಕ್ಕೆ ನುಗ್ಗುವುದು ಸುಲಭ. ಇಲ್ಲದವರಿಗೆ ಹೊಸದಾಗಿ ಎದೆಯುರಿ ಬರಬಹುದು, ಇದ್ದವರಿಗೆ ಹೆಚ್ಚಾಗಬಹುದು. ಫಿನ್‌ಲೆಂಡಿನಲ್ಲಿ 240 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಲೀವ್, ಇನ್ನೊಂದಕ್ಕೆ ಬೈಪಾಸ್ ಮಾಡಿ ಹತ್ತು ವರ್ಷ ಹಿಂಬಾಲಿಸಿದರು. 2022ರಲ್ಲಿ ಬಂದ ವರದಿಯ ಪ್ರಕಾರ ಅನ್ನನಾಳದ ಉರಿಯೂತ ಸ್ಲೀವ್‌ನವರಲ್ಲಿ ನೂರಕ್ಕೆ 31, ಬೈಪಾಸಿನವರಲ್ಲಿ ನೂರಕ್ಕೆ 7. ಬೈಪಾಸು ಹುಳಿತೇಗಿಗೆ ಮದ್ದಿನಂತೆಯೇ ಕೆಲಸ ಮಾಡುತ್ತದೆ. ಸ್ಲೀವ್ ಆದಮೇಲೆ ಎದೆಯುರಿ ತಡೆಯಲಾರದೆ ಬೈಪಾಸಿಗೆ ಬದಲಾಯಿಸಿಕೊಳ್ಳುವವರೂ ಇದ್ದಾರೆ.

ಆದ್ದರಿಂದ ಒಂದು ಮಾತು ಖಂಡಿತವಾಗಿ ಹೇಳುತ್ತೇನೆ: ಎಂಡೋಸ್ಕೋಪಿ ಮಾಡಿಸದೆ ಯಾವ ಆಪರೇಷನ್ನಿಗೂ ಒಪ್ಪಬೇಡಿ. ಬಾಯಿಯಿಂದ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ ಅದು, ಕೆಲವು ನಿಮಿಷದ ಕೆಲಸ. ಅನ್ನನಾಳ ಕೆಂಪಾಗಿದ್ದರೆ, ಜಠರದ ತುದಿ ಎದೆಗೂಡಿನೊಳಕ್ಕೆ ಜಾರಿದ್ದರೆ ನಿಮಗೆ ಬೈಪಾಸೇ ಸರಿ. ಅಲ್ಲಿ ಎಲ್ಲ ಸರಿಯಾಗಿದ್ದು, ಎದೆಯುರಿ ತಡವಾಗಿ ಉಂಡ ದಿನ ಮಾತ್ರ ಬರುತ್ತೆ ಅಂತಾದರೆ ಸ್ಲೀವ್ ಮಾತೂ ಆಡಬಹುದು. ನಿಮ್ಮ ಮನೆತನದಲ್ಲಿ ಜಠರದ ಕ್ಯಾನ್ಸರ್ ಯಾರಿಗಾದರೂ ಬಂದಿದ್ದರೆ ಅದನ್ನು ಮರೆಯದೆ ಹೇಳಿ. ಬೈಪಾಸ್ ಆದಮೇಲೆ ಬಿಟ್ಟುಹೋದ ಜಠರದೊಳಗೆ ಕೊಳವೆ ಇಳಿಸಿ ನೋಡುವುದು ಕಷ್ಟ.

ಸಕ್ಕರೆಯೂ ಅದೇ ಕಡೆ ಕೈ ತೋರಿಸುತ್ತದೆ. ನಾರ್ವೆಯಲ್ಲಿ ಸಕ್ಕರೆ ಕಾಯಿಲೆಯವರಲ್ಲೇ ಮಾಡಿದ ಒಂದು ಹೋಲಿಕೆಯಲ್ಲಿ ವರ್ಷ ಕಳೆಯುವಾಗ ಕಾಯಿಲೆ ಅಡಗಿದ್ದು ಬೈಪಾಸಿನವರಲ್ಲಿ ನೂರಕ್ಕೆ 74, ಸ್ಲೀವ್‌ನವರಲ್ಲಿ ನೂರಕ್ಕೆ 47. ಕಾಯಿಲೆ ಬಂದು ಹೆಚ್ಚು ವರ್ಷವಾಗಿರದೆ, ಇನ್ಸುಲಿನ್ನಿಗೆ ಹೋಗಿರದಿದ್ದರೆ ಫಲ ಹೆಚ್ಚು. ಅಡಗಿದ್ದು ಅಂದೆ, ವಾಸಿಯಾಗಿದ್ದು ಅನ್ನಲಿಲ್ಲ. ವರ್ಷಗಳ ಮೇಲೆ ಕೆಲವರಿಗೆ ಮರಳುತ್ತದೆ. ಇನ್ನೊಂದು ವಿಷಯ: ಆಪರೇಷನ್ ಆದ ದಿನಗಳಲ್ಲೇ ಸಕ್ಕರೆ ಇಳಿಯಲು ಶುರುವಾಗುತ್ತದೆ. ಹಳೆಯ ಪ್ರಮಾಣದಲ್ಲೇ ಮಾತ್ರೆ ನುಂಗುತ್ತಾ ಹೋದರೆ ತಲೆ ಸುತ್ತಿ ಬೀಳಬೇಕಾದೀತು. ಸಕ್ಕರೆ, ಬಿ.ಪಿ. ಮಾತ್ರೆಗಳ ಪ್ರಮಾಣವನ್ನು ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಹೊಸದಾಗಿ ಬರೆಸಿಕೊಳ್ಳಿ.

ಹಾಗಾದರೆ ಬೈಪಾಸೇ ಅಂತ ತೀರ್ಮಾನವೇ? ನಿಲ್ಲಿ, ಅದರ ಬಾಡಿಗೆಯೂ ಗೊತ್ತಿರಲಿ.

ಬೈಪಾಸ್ ಮಾಡಿಸಿಕೊಂಡವರಿಗೆ ಕಬ್ಬಿಣ, ಸುಣ್ಣ, ಬಿ12, ಡಿ ಜೀವಸತ್ವ ಬದುಕಿರುವಷ್ಟು ದಿನವೂ ಬೇಕು. ಸ್ಲೀವ್‌ನವರಿಗೂ ಬೇಕು, ಆದರೆ ಬೈಪಾಸಿನವರು ಮರೆತರೆ ಪೆಟ್ಟು ಜೋರು. ಬಿ12 ಸೊಪ್ಪು ತರಕಾರಿಯಲ್ಲಿ ಸಿಗುವುದಿಲ್ಲ. ಸಸ್ಯಾಹಾರಿಗಳಾದ ನಮಗೆ ಹಾಲು ಮೊಸರಿನಲ್ಲಿ ಬಂದಷ್ಟೇ. ಎಷ್ಟೋ ಜನರಿಗೆ ಆಪರೇಷನ್ನಿಗೆ ಮುಂಚೆಯೇ ಕೊರತೆ ಇರುತ್ತದೆ, ಮೊದಲೇ ರಕ್ತ ಪರೀಕ್ಷೆ ಮಾಡಿಸಿ ತುಂಬಿಕೊಳ್ಳಿ. ಕಬ್ಬಿಣದ ಮಾತ್ರೆಯನ್ನೂ ಸುಣ್ಣದ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ಮಧ್ಯೆ ಎರಡು ಗಂಟೆ ಇರಲಿ. ಕಬ್ಬಿಣದ ಮಾತ್ರೆಯ ಹಿಂದೆಮುಂದೆ ಕಾಫಿ ಕುಡಿದರೆ ಮಾತ್ರೆ ದಂಡ. ಪತಿಯ ಬಿ.ಪಿ. ಮಾತ್ರೆ, ಮಗುವಿನ ಟಾನಿಕ್ಕು, ಅತ್ತೆಯ ಕಣ್ಣಿನ ಹನಿ ಎಲ್ಲ ಹೊತ್ತಿಗೆ ಸರಿಯಾಗಿ ಕೊಟ್ಟು ತಮ್ಮ ಮಾತ್ರೆ ಮಾತ್ರ ಮರೆಯುವ ಹೆಂಗಸರನ್ನು ನಾನು ಬಹಳ ಕಂಡಿದ್ದೇನೆ. ನೀವು ಆ ಪೈಕಿಯಾದರೆ ಡಾಕ್ಟರಿಗೆ ಸಂಕೋಚಪಡದೆ ಹೇಳಿಬಿಡಿ. ಎಂಡೋಸ್ಕೋಪಿ ಚೆನ್ನಾಗಿದ್ದ ಪಕ್ಷದಲ್ಲಿ ಸ್ಲೀವ್‌ಗೆ ಒಲಿಯಲು ಅದೂ ಒಂದು ನ್ಯಾಯವಾದ ಕಾರಣ.

ಮಂಡಿನೋವು, ತಲೆನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತರಿಸಿ ನುಂಗುವ ಅಭ್ಯಾಸ ಬೈಪಾಸ್ ಆದಮೇಲೆ ಕೂಡದು. ಹೊಲಿಗೆಯ ಜಾಗದಲ್ಲಿ ಹುಣ್ಣಾಗುತ್ತದೆ. ಪ್ಯಾರಾಸಿಟಮಾಲ್ ಆದೀತು. ಸಿಹಿಯ ವಿಷಯವೂ ಹಾಗೇ. ಹಬ್ಬದ ದಿನ ಒಂದು ಬಟ್ಟಲು ಪಾಯಸ ಕುಡಿದರೆ ಅದು ನೇರ ಕರುಳಿಗೆ ಇಳಿದು ಬೆವರು, ಎದೆಬಡಿತ, ಹೊಟ್ಟೆ ನುಲಿತ ಬರಬಹುದು. ವರ್ಷಗಳ ಮೇಲೂ ಯಾವತ್ತಾದರೂ ಹೊಟ್ಟೆನೋವು ಜೋರಾಗಿ ಬಂದರೆ ಗ್ಯಾಸ್ ಅಂತ ಓಂಕಾಳು ಅಗಿದು ಕೂರಬೇಡಿ. ಒಳಗೆ ಕರುಳು ಸಿಕ್ಕಿಕೊಂಡಿರಬಹುದು. ಆಸ್ಪತ್ರೆಗೆ ಹೋಗಿ, ಬೈಪಾಸ್ ಆಗಿದೆ ಎಂದು ಮೊದಲ ಮಾತಿಗೇ ಹೇಳಿ. ಬರೀ ‘ಬೈಪಾಸ್’ ಅಂದರೆ ಹೃದಯದ್ದು ಅಂದುಕೊಳ್ಳುತ್ತಾರೆ, ಹೊಟ್ಟೆಯದು ಅಂತಲೂ ಹೇಳಿ!

ಎರಡನೆಯ ಮಗುವಿನ ಬಗ್ಗೆ. ಯಾವ ಆಪರೇಷನ್ನಾದರೂ ಒಂದರಿಂದ ಒಂದೂವರೆ ವರ್ಷ ಬಸಿರಾಗಬಾರದು. ತೂಕ ಬೇಗ ಇಳಿಯುವ ಆ ದಿನಗಳಲ್ಲಿ ಕೂಸಿಗೆ ಪೋಷಣೆ ಸಾಲದೆ ಹೋದೀತು. ಆದರೆ ತೂಕ ಇಳಿದಂತೆ ಮುಟ್ಟು ಸರಿಹೋಗಿ ಬೇಗ ಬಸಿರು ನಿಲ್ಲುವ ಸಾಧ್ಯತೆಯೂ ಹೆಚ್ಚುತ್ತದೆ. ಬೈಪಾಸಿನವರು ಗರ್ಭನಿರೋಧಕ ಗುಳಿಗೆಯನ್ನು ನೆಚ್ಚುವ ಹಾಗಿಲ್ಲ, ಮೈಗೆ ಸರಿಯಾಗಿ ಹಿಡಿಯದೆ ಹೋಗಬಹುದು. ಕಾಪರ್-ಟಿಯಂಥ ಬೇರೆ ಉಪಾಯ ಮೊದಲೇ ಮಾಡಿಕೊಳ್ಳಿ. ಮುಂದೆ ಬಸಿರಾದಾಗ ಗ್ಲೂಕೋಸ್ ನೀರು ಕುಡಿಸಿ ಮಾಡುವ ಪರೀಕ್ಷೆ ನಿಮಗೆ ಒಗ್ಗದು. ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ನೋಡುವ ದಾರಿ ಇದೆ. ನಿಮಗೆ 34 ಆದ್ದರಿಂದ ಈ ಕಾಯುವ ಕಾಲವನ್ನು ಈಗಲೇ ಲೆಕ್ಕಕ್ಕೆ ಹಿಡಿದು, ಹೆರಿಗೆ ಡಾಕ್ಟರನ್ನೂ ಕಂಡು ಮಾತಾಡಿ. ಇದನ್ನು ನಿಮಗೆ ಇಬ್ಬರು ಡಾಕ್ಟರೂ ಹೇಳಲಿಲ್ಲವೆಂದು ಬರೆದಿದ್ದೀರಿ. ನೀವೇ ಕೇಳಿ.

ಅಪಾಯ ಎಷ್ಟು ಅಂತ ಪತಿ ಕೇಳಿದ್ದಾರೆ. ಪಳಗಿದ ಕೈಗಳಲ್ಲಿ ಸಾವು ಸಾವಿರಕ್ಕೆ ಒಬ್ಬರ ಆಸುಪಾಸು. ಹೊಲಿಗೆಯಿಂದ ಸೋರಿಕೆ, ರಕ್ತಸ್ರಾವ ಅದಕ್ಕಿಂತ ಹೆಚ್ಚು. ಬೇಗ ಇಳಿಯುವವರಿಗೆ ಪಿತ್ತಕೋಶದಲ್ಲಿ ಕಲ್ಲೂ ಆಗುವುದುಂಟು. ಮೂರನೆಯ ತಿಂಗಳ ಹೊತ್ತಿಗೆ ಕೂದಲು ಉದುರುತ್ತದೆ, ಹೆದರಬೇಡಿ, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಖರ್ಚು ಲಕ್ಷಗಳ ಮಾತು. ವಿಮೆಯ ನಿಯಮದಲ್ಲಿ ಇನ್ನೂ ಹಳೆಯ ಗೆರೆಯೇ ಇದೆ: ಬಿ.ಎಂ.ಐ. 40, ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಸಕ್ಕರೆಯಂಥ ಗಂಭೀರ ಕಾಯಿಲೆ, ಬೇರೆ ಉಪಾಯ ಫಲಿಸಿಲ್ಲ ಎಂಬ ದಾಖಲೆ. ಹಳೆಯ ಡಾಕ್ಟರ ಚೀಟಿ, ಸಕ್ಕರೆಯ ವರದಿ ಒಂದನ್ನೂ ಬಿಸಾಡಬೇಡಿ. ಪಾಲಿಸಿಯಲ್ಲಿ ಕಾಯಬೇಕಾದ ಅವಧಿ ಎಷ್ಟಿದೆ ಅಂತಲೂ ಓದಿ.

2025ರಲ್ಲಿ ನಮ್ಮ ದೇಶಕ್ಕೂ ಬಂದಿರುವ ವಾರಕ್ಕೊಂದು ಚುಚ್ಚುಮದ್ದಿನ ಬಗ್ಗೆ ನಾದಿನಿ ಹೇಳಿದರೆಂದು ಬರೆದಿದ್ದೀರಿ. ಅದೂ ಚೆನ್ನಾಗಿ ಕೆಲಸ ಮಾಡುತ್ತದೆ, ನಿಲ್ಲಿಸಿದರೆ ತೂಕ ಮರಳುತ್ತದೆ, ಬಸುರಿನಲ್ಲಿ ಕೂಡದು. ಆಪರೇಷನ್ನಿಗೆ ಮನಸ್ಸು ಒಪ್ಪದಿದ್ದರೆ ಡಾಕ್ಟರನ್ನು ಅದರ ಬಗ್ಗೆ ಕೇಳಬಹುದು.

ಕಡೆಯದಾಗಿ ಅಡಿಗೆ. ಮೊದಲ ಎರಡು ವಾರ ನೀರಾದದ್ದು, ಆಮೇಲೆ ಮಸೆದದ್ದು, ನಂತರ ಮೆತ್ತಗಿನದು. ಊಟದ ಜೊತೆ ನೀರು ಬೇಡ. ನಿಮ್ಮ ಕಡೆ ಮುದ್ದೆ ನುಂಗುವ ರೂಢಿ ಇದ್ದರೆ ಅದು ಈಗ ನಡೆಯದು. ಅಗಿಯದೆ ಇಳಿದದ್ದು ಸಿಕ್ಕಿಕೊಳ್ಳುತ್ತದೆ. ರಾಗಿ ಬೇಕೆನಿಸಿದರೆ ತೆಳ್ಳಗೆ ಅಂಬಲಿ ಮಾಡಿ. ದಿನಕ್ಕೆ 60 ಗ್ರಾಂ ಪ್ರೋಟೀನು ಸೇರಬೇಕು, ಅದಕ್ಕೆ ಅನ್ನಕ್ಕಿಂತ ಮೊದಲು ಬೇಳೆ, ಪನ್ನೀರು, ಸೋಯಾ, ಗಟ್ಟಿ ಮೊಸರು ತಟ್ಟೆಗೆ ಬರಲಿ. ಸಾಲದ್ದಕ್ಕೆ ಡಾಕ್ಟರು ಪುಡಿ ಬರೆದುಕೊಡುತ್ತಾರೆ. ಮೊದಲ ವಾರಗಳಿಗೆ ಅತ್ತೆಯವರಿಗೆ ಗೊತ್ತಿರುವ ಅಡಿಗೆಯೇ ಒಂದಿದೆ: ಅರ್ಧ ಬಟ್ಟಲು ಹೆಸರುಬೇಳೆಯನ್ನು ಚಿಟಿಕೆ ಅರಿಸಿನ ಹಾಕಿ ನುಣ್ಣಗೆ ಬೇಯಿಸಿ, ಬೇಳೆ ಸಮೇತ ಕಡೆದು, ಬಿಸಿನೀರು ಬೆರೆಸಿ, ಬಟ್ಟೆಯಲ್ಲಿ ಸೋಸಿ, ಜೀರಿಗೆ ಪುಡಿ, ಉಪ್ಪು ಹಾಕಿ. ಚಮಚದಲ್ಲಿ ಅರ್ಧ ಗಂಟೆ ಹಿಡಿದು ಕುಡಿಯಿರಿ. ಒಗ್ಗರಣೆ, ಮೆಣಸಿನಕಾಯಿ, ಹುಣಸೆಹುಳಿ ಆರು ವಾರ ಕಳೆಯುವ ತನಕ ಬೇಡ.

ಎಂಡೋಸ್ಕೋಪಿಯಲ್ಲಿ ಏನು ಬಂತು ಅಂತ ಬರೆಯಿರಿ.